ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ: ಯಾರಿಗುಂಟು, ಯಾರಿಗಿಲ್ಲ?

ಬೆಂಗಳೂರು: ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದೇ ಇಲ್ಲ ಎಂಬ ನಂಬಿಕೆ ಇಂದಿಗೂ ಅನೇಕರಲ್ಲಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ‘ಸ್ಥೂಲಕಾಯಕ್ಕೆ ಸಂಬಂಧಿಸಿದ ಯಾವುದೇ ಚಿಕಿತ್ಸೆಗೆ ಈ ಪಾಲಿಸಿ ಅನ್ವಯಿಸುವುದಿಲ್ಲ’ ಎಂಬರ್ಥದ ಸಾಲು ಬಹುತೇಕ ಪಾಲಿಸಿ ಪತ್ರಗಳಲ್ಲಿ ಇರುತ್ತಿತ್ತು. 2019ರ ಬಳಿಕ ಪರಿಸ್ಥಿತಿ ಬದಲಾಗಿದೆ. ನಿಗದಿತ ಷರತ್ತುಗಳನ್ನು ಪೂರೈಸಿದವರಿಗೆ ಈ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪೆನಿಗಳು ಭರಿಸುತ್ತಿವೆ.

ಆದರೆ ತೆರೆದಿರುವ ಬಾಗಿಲು ಕಿರಿದು. ಯಾರಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬುದನ್ನು ನಿರ್ಧರಿಸಲು ವೈದ್ಯರು ಬಳಸುವ ಮಾನದಂಡ ಒಂದಾದರೆ, ಯಾರಿಗೆ ಹಣ ಕೊಡಬೇಕು ಎಂಬುದನ್ನು ನಿರ್ಧರಿಸಲು ವಿಮಾ ಕಂಪೆನಿಗಳು ಬಳಸುವ ಮಾನದಂಡ ಮತ್ತೊಂದು. ಈ ಎರಡರ ನಡುವೆ ಸಿಲುಕಿದವರು ಆಸ್ಪತ್ರೆಯ ಬಿಲ್ಲನ್ನು ಸ್ವಂತ ಹಣದಿಂದಲೇ ಕಟ್ಟಬೇಕಾಗುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಆ ಮೊತ್ತ ಹಲವು ಲಕ್ಷ ರೂಪಾಯಿಗಳಷ್ಟಾಗುವುದರಿಂದ, ದಾಖಲಾಗುವ ಮುನ್ನವೇ ನಿಯಮಗಳನ್ನು ಅರಿತಿರುವುದು ಒಳಿತು.

ಇದು ಸೌಂದರ್ಯ ಚಿಕಿತ್ಸೆಯಲ್ಲ

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮತ್ತು ಲೈಪೋಸಕ್ಷನ್ ಒಂದೇ ಅಲ್ಲ. ಸೊಂಟ, ಹೊಟ್ಟೆ, ತೊಡೆಯ ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಲೈಪೋಸಕ್ಷನ್. ಅದು ಸೌಂದರ್ಯ ಚಿಕಿತ್ಸೆಯ ಸಾಲಿಗೆ ಸೇರುತ್ತದೆ. ಅದಕ್ಕೆ ವಿಮೆ ಸಿಗದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ಮೃತಪಟ್ಟಾಗ ಈ ಎರಡನ್ನೂ ಒಂದೇ ಎಂಬಂತೆ ಭಾವಿಸಿದವರು ಕಡಿಮೆಯೇನಿರಲಿಲ್ಲ.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ನಡೆಯುವುದು ಜೀರ್ಣಾಂಗಗಳ ಮೇಲೆ. ಇದರಲ್ಲಿ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’ಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕೊಳವೆಯಂತೆ ಕಿರಿದುಗೊಳಿಸಲಾಗುತ್ತದೆ. ‘ಗ್ಯಾಸ್ಟ್ರಿಕ್ ಬೈಪಾಸ್’ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ರೂಪಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ತಿನ್ನುವ ಪ್ರಮಾಣ ತಗ್ಗುವುದು ಇದರ ಒಂದು ಪರಿಣಾಮ ಮಾತ್ರ. ಹಸಿವನ್ನು ಕೆರಳಿಸುವ ಮತ್ತು ಇನ್ಸುಲಿನ್ ಸ್ರವಿಕೆಯನ್ನು ನಿಯಂತ್ರಿಸುವ ಹಾರ್ಮೋನುಗಳಲ್ಲಿ ಆಗುವ ಬದಲಾವಣೆ ಅಷ್ಟೇ ಮುಖ್ಯ. ಮಧುಮೇಹಿಗಳಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗುವುದು ಈ ಕಾರಣದಿಂದಲೇ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಜ್ಞರು ನಡೆಸಿದ ‘ಸ್ಟ್ಯಾಂಪೀಡ್’ ಅಧ್ಯಯನ ಇದಕ್ಕೆ ನಿದರ್ಶನ. ನಿಯಂತ್ರಣಕ್ಕೆ ಬಾರದ ಮಧುಮೇಹವಿದ್ದ 150 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಔಷಧೋಪಚಾರವನ್ನಷ್ಟೇ ನೀಡಲಾಯಿತು. ಉಳಿದೆರಡು ಗುಂಪುಗಳಿಗೆ ಔಷಧದ ಜತೆಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದ ಪ್ರಕಾರ, ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣ ಶೇ 6 ಅಥವಾ ಅದಕ್ಕಿಂತ ಕೆಳಗೆ ಇಳಿದದ್ದು ಔಷಧ ಮಾತ್ರ ಪಡೆದವರಲ್ಲಿ ಶೇ 5 ಮಂದಿಗೆ. ಬೈಪಾಸ್ ಮಾಡಿಸಿಕೊಂಡವರಲ್ಲಿ ಈ ಪ್ರಮಾಣ ಶೇ 29, ಸ್ಲೀವ್ ಮಾಡಿಸಿಕೊಂಡವರಲ್ಲಿ ಶೇ 23.

ನಿಯಮ ಏನು ಹೇಳುತ್ತದೆ?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ) 2019ರ ಸೆಪ್ಟೆಂಬರ್ 27ರಂದು ಮಹತ್ವದ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅಲ್ಲಿಯವರೆಗೆ ಒಂದೊಂದು ಕಂಪೆನಿ ಒಂದೊಂದು ಬಗೆಯಲ್ಲಿ ಬರೆದುಕೊಳ್ಳುತ್ತಿದ್ದ ‘ಹೊರತುಪಡಿಕೆ’ಗಳಿಗೆ, ಅಂದರೆ ವಿಮೆ ಅನ್ವಯಿಸದ ಸಂದರ್ಭಗಳ ಪಟ್ಟಿಗೆ, ಏಕರೂಪದ ಒಕ್ಕಣೆಯನ್ನೂ ಸಂಕೇತ ಸಂಖ್ಯೆಗಳನ್ನೂ ಅದು ನಿಗದಿಪಡಿಸಿತು. ಹೊಸ ಪಾಲಿಸಿಗಳಿಗೆ ಅದೇ ವರ್ಷದ ಅಕ್ಟೋಬರ್ 1ರಿಂದ, ಹಳೆಯ ಪಾಲಿಸಿಗಳಿಗೆ 2020ರ ಅಕ್ಟೋಬರ್ 1ರಿಂದ ಅದು ಅನ್ವಯವಾಯಿತು. ಇದರಲ್ಲಿ ಆರನೆಯ ಸಂಖ್ಯೆಯ ಹೊರತುಪಡಿಕೆಯೇ ಸ್ಥೂಲಕಾಯಕ್ಕೆ ಸಂಬಂಧಿಸಿದ್ದು. ಇಂದಿನ ಪಾಲಿಸಿ ಪತ್ರಗಳಲ್ಲಿಯೂ ಇದೇ ಒಕ್ಕಣೆ ಕಾಣಸಿಗುತ್ತದೆ.

ಅದರ ಪ್ರಕಾರ ಈ ಕೆಳಗಿನ ನಾಲ್ಕೂ ಷರತ್ತುಗಳನ್ನು ಪೂರೈಸದ ಶಸ್ತ್ರಚಿಕಿತ್ಸೆಗೆ ವಿಮೆ ಇಲ್ಲ:

1. ಶಸ್ತ್ರಚಿಕಿತ್ಸೆ ವೈದ್ಯರ ಸಲಹೆಯ ಮೇರೆಗೆ ನಡೆದಿರಬೇಕು.

2. ಅದು ಮಾನ್ಯ ವೈದ್ಯಕೀಯ ಶಿಷ್ಟಾಚಾರಕ್ಕೆ ಅನುಗುಣವಾಗಿರಬೇಕು.

3. ರೋಗಿಗೆ 18 ವರ್ಷ ತುಂಬಿರಬೇಕು.

4. ರೋಗಿಯ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚಿದ್ದು, ತೂಕ ಇಳಿಸುವ ಇತರ ಸರಳ ವಿಧಾನಗಳು ವಿಫಲವಾಗಿ, ನಾಲ್ಕು ತೀವ್ರ ಕಾಯಿಲೆಗಳಲ್ಲಿ ಒಂದಾದರೂ ಇರಬೇಕು. ಆ ನಾಲ್ಕು ಕಾಯಿಲೆಗಳೆಂದರೆ, ಸ್ಥೂಲಕಾಯದಿಂದ ಉಂಟಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳಗಳ ಕಾಯಿಲೆ, ತೀವ್ರ ಸ್ವರೂಪದ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಕಟ್ಟುವಿಕೆ) ಮತ್ತು ನಿಯಂತ್ರಣಕ್ಕೆ ಬಾರದ ಟೈಪ್ 2 ಮಧುಮೇಹ.

ಈ ನಾಲ್ಕನ್ನೂ ಪೂರೈಸಿದ ರೋಗಿಯ ಕ್ಲೇಮನ್ನು ‘ಇದು ಬೊಜ್ಜಿನ ಚಿಕಿತ್ಸೆ’ ಎಂಬ ಒಂದೇ ಕಾರಣ ನೀಡಿ ಈ ನಿಯಮದಡಿ ತಿರಸ್ಕರಿಸಲಾಗದು. ಇದಕ್ಕಿಂತ ಉದಾರವಾದ ಷರತ್ತುಗಳನ್ನು ವಿಧಿಸಲು ಕಂಪೆನಿಗಳಿಗೆ ಅಡ್ಡಿಯೇನೂ ಇಲ್ಲ.

ಲೆಕ್ಕ ಹೀಗಿದೆ

ಬಿಎಂಐ ಎಂದರೆ ದೇಹ ತೂಕ ಸೂಚ್ಯಂಕ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಇದು. ಐದು ಅಡಿ ಮೂರು ಅಂಗುಲ, ಅಂದರೆ ಸುಮಾರು 160 ಸೆಂಟಿಮೀಟರ್ ಎತ್ತರದವರ ಬಿಎಂಐ 40 ತಲುಪಬೇಕಾದರೆ ಅವರ ತೂಕ 102.4 ಕಿಲೋ ಇರಬೇಕು. ಬಿಎಂಐ 35 ಆಗಲು 89.6 ಕಿಲೋ ಇರಬೇಕು.

ಇದೇ ಎತ್ತರದ ಮಹಿಳೆಯೊಬ್ಬರ ತೂಕ 86 ಕಿಲೋ ಎಂದಿಟ್ಟುಕೊಳ್ಳೋಣ. ಇನ್ಸುಲಿನ್ ತೆಗೆದುಕೊಂಡರೂ ಅವರ ಸಕ್ಕರೆ ಹತೋಟಿಗೆ ಬರುತ್ತಿಲ್ಲ. ಅವರ ಬಿಎಂಐ 33.6. ಶಸ್ತ್ರಚಿಕಿತ್ಸೆ ಸೂಕ್ತವೆಂದು ವೈದ್ಯರು ಹೇಳಬಹುದು. ಆದರೆ ನಿಯಮದ ಗೆರೆ ಮುಟ್ಟಲು ಇನ್ನೂ 3.6 ಕಿಲೋ ತೂಕ ‘ಸಾಲದು’. ಮತ್ತೊಬ್ಬರ ತೂಕ 95 ಕಿಲೋ, ಬಿಎಂಐ 37.1. ಅವರಿಗೆ ರಕ್ತದೊತ್ತಡವಿದೆ, ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಮಂಡಿಗಳು ಸವೆದು ನಡೆಯುವುದೂ ಕಷ್ಟವಾಗಿದೆ. ಆದರೂ ಅವರು ಅರ್ಹರಲ್ಲ. ಏಕೆಂದರೆ ನಿಯಮ ಹೆಸರಿಸಿರುವ ನಾಲ್ಕು ಕಾಯಿಲೆಗಳ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ.

ಹಳೆಯ ಗೆರೆ, ಹೊಸ ವೈದ್ಯಕೀಯ

40 ಮತ್ತು 35 ಎಂಬ ಈ ಸಂಖ್ಯೆಗಳು ಬಂದದ್ದಾದರೂ ಎಲ್ಲಿಂದ? 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು (ಎನ್‌ಐಎಚ್) ತಜ್ಞರ ಸಮಾವೇಶವೊಂದನ್ನು ಕರೆದು, ಯಾರು ಈ ಶಸ್ತ್ರಚಿಕಿತ್ಸೆಗೆ ಅರ್ಹರು ಎಂಬ ಬಗ್ಗೆ ಒಮ್ಮತದ ಹೇಳಿಕೆಯೊಂದನ್ನು ಪ್ರಕಟಿಸಿತ್ತು. ಈ ಸಂಖ್ಯೆಗಳ ಮೂಲ ಅಲ್ಲಿದೆ. ಹೊಟ್ಟೆಯನ್ನು ಅಗಲಕ್ಕೆ ಕೊಯ್ದೇ ಶಸ್ತ್ರಚಿಕಿತ್ಸೆ ಮಾಡಬೇಕಾಗಿದ್ದ ದಿನಗಳವು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಕ್ ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ.

ಭಾರತೀಯರ ದೇಹಪ್ರಕೃತಿ ಬೇರೆ ಎಂಬುದು ಇನ್ನೊಂದು ಮುಖ್ಯ ಸಂಗತಿ. ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುವುದು, ಚಿಕ್ಕ ವಯಸ್ಸಿನಲ್ಲಿಯೇ ಮಧುಮೇಹ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದು ನಮ್ಮಲ್ಲಿ ಹೆಚ್ಚು. ಈ ಕಾರಣದಿಂದಲೇ ಭಾರತೀಯ ತಜ್ಞರು 2009ರಲ್ಲಿ ಒಮ್ಮತದಿಂದ ರೂಪಿಸಿದ ಮಾರ್ಗಸೂಚಿಯು ಶಸ್ತ್ರಚಿಕಿತ್ಸೆಯ ಗೆರೆಯನ್ನು 37.5ಕ್ಕೆ, ಸಹಕಾಯಿಲೆಗಳಿದ್ದರೆ 32.5ಕ್ಕೆ ಇಳಿಸಿತು. 2022ರಲ್ಲಿ ಅಮೆರಿಕದ ಬೇರಿಯಾಟ್ರಿಕ್ ತಜ್ಞರ ಸಂಘ ಮತ್ತು ಅದರ ಅಂತರರಾಷ್ಟ್ರೀಯ ಒಕ್ಕೂಟ ಜಂಟಿಯಾಗಿ 1991ರ ಮಾನದಂಡವನ್ನೇ ಪರಿಷ್ಕರಿಸಿದವು. ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಇಲ್ಲದಿರಲಿ, ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಬಹುದು. 30 ದಾಟಿದ್ದು ಚಯಾಪಚಯ ಸಂಬಂಧಿ ಕಾಯಿಲೆ ಇದ್ದರೆ ಪರಿಗಣಿಸಬಹುದು. ಏಷ್ಯಾ ಮೂಲದವರಿಗೆ 27.5ರಿಂದಲೇ ಈ ಅವಕಾಶ ನೀಡಬಹುದು ಎಂಬುದು ಅವುಗಳ ನಿಲುವು.

ಮೇಲೆ ಹೇಳಿದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಭಾಗವಹಿಸಿದವರ ಬಿಎಂಐ ಕೂಡ 27ರಿಂದ 43ರವರೆಗೆ ಇತ್ತು ಎಂಬುದು ಗಮನಾರ್ಹ. ಅಂದರೆ 35ಕ್ಕಿಂತ ಕೆಳಗಿನವರೂ ಅದರಲ್ಲಿದ್ದರು. ವೈದ್ಯಕೀಯದ ಗೆರೆ ಕೆಳಗಿಳಿದಿದೆ, ವಿಮೆಯ ಗೆರೆ ಇದ್ದಲ್ಲಿಯೇ ಇದೆ. ವಿವಾದದ ತಿರುಳು ಇದೇ.

ವಿಮಾ ಕಂಪೆನಿಗಳಿಗೂ ತಮ್ಮದೇ ಆದ ವಾದವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 24ರಷ್ಟು ಮಹಿಳೆಯರು ಮತ್ತು ಶೇ 22.9ರಷ್ಟು ಪುರುಷರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 30ರ ಆಸುಪಾಸಿನಲ್ಲಿದೆ. ಗೆರೆ ಇಳಿಸಿದಷ್ಟೂ ಅರ್ಹರ ಸಂಖ್ಯೆ ಏರುತ್ತದೆ. ಶಸ್ತ್ರಚಿಕಿತ್ಸೆಗೆಂದೇ ಪಾಲಿಸಿ ಕೊಳ್ಳುವವರು ಹೆಚ್ಚಿದರೆ ಉಳಿದೆಲ್ಲರ ಪ್ರೀಮಿಯಂ ಏರಿಸಬೇಕಾಗುತ್ತದೆ ಎಂಬುದು ಅವುಗಳ ಆತಂಕ. ಆದರೆ ನಿಯಂತ್ರಣ ತಪ್ಪಿದ ಮಧುಮೇಹವು ಮುಂದೆ ತಂದೊಡ್ಡುವ ಡಯಾಲಿಸಿಸ್, ಹೃದಯ ಶಸ್ತ್ರಚಿಕಿತ್ಸೆಗಳ ಖರ್ಚೂ ಕೊನೆಗೆ ವಿಮೆಯ ಮೇಲೆಯೇ ಬೀಳುತ್ತದೆ ಎಂಬ ಮರುವಾದವನ್ನೂ ತಳ್ಳಿಹಾಕುವಂತಿಲ್ಲ.

ಕಾಯುವ ಅವಧಿಯ ತೊಡಕು

ಬಿಎಂಐ ಷರತ್ತು ಪೂರೈಸಿದ ಮಾತ್ರಕ್ಕೆ ಎಲ್ಲವೂ ಸುಗಮ ಎಂದುಕೊಳ್ಳುವಂತಿಲ್ಲ. ಪಾಲಿಸಿ ಕೊಂಡ ಮೊದಲ 30 ದಿನಗಳಲ್ಲಿ ಅಪಘಾತ ಹೊರತು ಬೇರಾವ ಚಿಕಿತ್ಸೆಗೂ ಸಾಮಾನ್ಯವಾಗಿ ಹಣ ಸಿಗದು. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗಳಿಗೆ ಹಾಗೂ ಪಾಲಿಸಿಯಲ್ಲಿ ಹೆಸರಿಸಿರುವ ಕೆಲವು ನಿರ್ದಿಷ್ಟ ಚಿಕಿತ್ಸೆಗಳಿಗೆ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಾವಳಿಯ ಪ್ರಕಾರ ಇದು 36 ತಿಂಗಳನ್ನು ಮೀರುವಂತಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಹಿಂದೆ 48 ತಿಂಗಳವರೆಗೂ ಕಾಯಿಸಲು ಅವಕಾಶವಿತ್ತು.

ಕೆಲವು ಪಾಲಿಸಿಗಳು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಉಪಮಿತಿಯನ್ನೂ ವಿಧಿಸುತ್ತವೆ. ಒಟ್ಟು ವಿಮಾ ಮೊತ್ತ 10 ಲಕ್ಷ ರೂಪಾಯಿ ಇದ್ದರೂ ಈ ಶಸ್ತ್ರಚಿಕಿತ್ಸೆಗೆ ಅದರ ಒಂದು ಭಾಗ ಮಾತ್ರ ದೊರೆಯಬಹುದು. ಕೊಠಡಿ ಬಾಡಿಗೆಗೆ ಮಿತಿ ಇದ್ದು, ಅದಕ್ಕಿಂತ ದುಬಾರಿ ಕೊಠಡಿ ಆರಿಸಿಕೊಂಡರೆ ವೈದ್ಯರ ಶುಲ್ಕದಂತಹ ಇತರ ಬಾಬ್ತುಗಳಲ್ಲಿಯೂ ಅದೇ ಅನುಪಾತದಲ್ಲಿ ಕಡಿತವಾಗಬಹುದು. ಜಠರವನ್ನು ಕತ್ತರಿಸಿ ಹೊಲಿಯಲು ಬಳಸುವ ಸ್ಟೇಪ್ಲರ್‌ಗಳು ದುಬಾರಿಯಾದ್ದರಿಂದ, ಅವುಗಳಿಗೆ ಪೂರ್ಣ ಹಣ ಸಿಗುವುದೇ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ತಿಳಿಯುವುದು ಸೂಕ್ತ.

ಉದ್ಯೋಗದಾತರು ಮಾಡಿಸುವ ಸಮೂಹ ವಿಮೆಯ ಸ್ವರೂಪ ಬೇರೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳೂ ಸೇರಿದಂತೆ ಅನೇಕರು ಇಂತಹ ವಿಮೆಯನ್ನೇ ನೆಚ್ಚಿಕೊಂಡಿದ್ದಾರೆ. ಇವುಗಳಲ್ಲಿ ಕಾಯುವ ಅವಧಿಯನ್ನು ಕೈಬಿಟ್ಟಿರುವುದು ಸಾಮಾನ್ಯ. ಆದರೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಎಷ್ಟು ಹಣ, ಯಾವ ಷರತ್ತು ಎಂಬುದು ಸಂಸ್ಥೆ ಹಾಗೂ ವಿಮಾ ಕಂಪೆನಿಯ ನಡುವಣ ಒಪ್ಪಂದವನ್ನು ಅವಲಂಬಿಸಿದೆ. ಕೆಲಸ ಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ. ಅದೇ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದ್ದು, ಕೆಲಸ ಬಿಡುವ ಮುನ್ನವೇ ಈ ಬಗ್ಗೆ ವಿಚಾರಿಸಬೇಕು.

ತೂಕ ಮುಚ್ಚಿಟ್ಟರೆ ಅಪಾಯ

ಪಾಲಿಸಿ ಕೊಳ್ಳುವಾಗ ಅರ್ಜಿಯಲ್ಲಿ ಎತ್ತರ ಮತ್ತು ತೂಕವನ್ನು ಕೇಳಲಾಗುತ್ತದೆ. ಪ್ರೀಮಿಯಂ ಹೆಚ್ಚಾದೀತು ಎಂಬ ಭಯದಿಂದ ತೂಕವನ್ನು ಹತ್ತಿಪ್ಪತ್ತು ಕಿಲೋ ಕಡಿಮೆ ಬರೆಯುವುದು, ಏಜೆಂಟರೇ ಅಂದಾಜಿನಲ್ಲಿ ತುಂಬಿಬಿಡುವುದು ಹೊಸದೇನಲ್ಲ. ಮುಂದೆ ಕ್ಲೇಮು ಸಲ್ಲಿಸಿದಾಗ ಇದೇ ಮುಳುವಾಗುತ್ತದೆ. ಮಾಹಿತಿ ಮರೆಮಾಚಲಾಗಿದೆ ಎಂದು ಕಂಪೆನಿಯು ಕ್ಲೇಮನ್ನು ತಿರಸ್ಕರಿಸಬಹುದು, ಪಾಲಿಸಿಯನ್ನೇ ರದ್ದುಪಡಿಸಬಹುದು.

ನಿಜ ಹೇಳಿದವರಿಗೆ ನ್ಯಾಯಾಲಯದ ರಕ್ಷಣೆ ಇದೆ. ಮನಮೋಹನ್ ನಂದಾ ಮತ್ತು ಯುನೈಟೆಡ್ ಇಂಡಿಯಾ ವಿಮಾ ಕಂಪೆನಿ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಅರ್ಜಿದಾರ ತಿಳಿಸಿದ್ದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಬಳಿಕ, ಅದೇ ಸ್ಥಿತಿಯನ್ನು ಮುಂದಿಟ್ಟು ಕ್ಲೇಮನ್ನು ತಳ್ಳಿಹಾಕಲು ಕಂಪೆನಿಗೆ ಅವಕಾಶವಿಲ್ಲ ಎಂದು ಅದು ಹೇಳಿತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರು ಪೀಠದಲ್ಲಿದ್ದರು. ಇದಲ್ಲದೆ, ಪಾಲಿಸಿ ಸತತವಾಗಿ 60 ತಿಂಗಳು ಚಾಲ್ತಿಯಲ್ಲಿದ್ದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ನೀಡಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. 2024ಕ್ಕೆ ಮೊದಲು ಈ ಅವಧಿ ಎಂಟು ವರ್ಷಗಳಾಗಿತ್ತು.

ಕಾಗದಪತ್ರಗಳೇ ಆಧಾರ

ಅರ್ಹತೆ ಇದ್ದೂ ಹಣ ಸಿಗದಿರುವುದಕ್ಕೆ ಪುರಾವೆಯ ಕೊರತೆಯೂ ಕಾರಣವಾಗುತ್ತದೆ. ‘ಸರಳ ವಿಧಾನಗಳು ವಿಫಲವಾದ ಬಳಿಕ’ ಎಂದು ನಿಯಮ ಹೇಳುವುದರಿಂದ, ಆಹಾರ ತಜ್ಞರ ಚೀಟಿಗಳು, ತಿಂಗಳವಾರು ತೂಕದ ದಾಖಲೆ, ತೆಗೆದುಕೊಂಡ ಔಷಧಗಳ ವಿವರ ಇವೆಲ್ಲವನ್ನೂ ಕಾದಿಡಬೇಕು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ, ವೆಗೋವಿಗಳನ್ನು ಬಳಸಿ ಫಲ ಕಾಣದಿದ್ದರೆ ಆ ವಿವರವೂ ಇಲ್ಲಿ ಪುರಾವೆಯಾಗಬಲ್ಲದು. ಅಂದಹಾಗೆ, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಇಂತಹ ಚುಚ್ಚುಮದ್ದುಗಳ ವೆಚ್ಚ ಸಾಮಾನ್ಯ ಪಾಲಿಸಿಗಳ ವ್ಯಾಪ್ತಿಗೆ ಬರುವುದಿಲ್ಲ.

‘ಸ್ಲೀಪ್ ಆಪ್ನಿಯಾ ಇದೆ’ ಎಂದು ವೈದ್ಯರ ಚೀಟಿಯಲ್ಲಿ ಬರೆದಿದ್ದರೆ ಸಾಲದು. ಅದು ತೀವ್ರ ಸ್ವರೂಪದ್ದೆಂದು ತೋರಿಸುವ ನಿದ್ರಾ ಪರೀಕ್ಷೆಯ ವರದಿ ಬೇಕು. ಮಧುಮೇಹಿಗಳಾದರೆ, ಚಿಕಿತ್ಸೆಯ ನಡುವೆಯೂ ಸಕ್ಕರೆ ಹತೋಟಿಗೆ ಬಂದಿಲ್ಲ ಎಂಬುದನ್ನು ತೋರಿಸುವ ಎಚ್‌ಬಿಎ1ಸಿ ವರದಿಗಳು ಬೇಕು.

ಇನ್ನೊಂದು ಸೂಕ್ಷ್ಮವಿದೆ. ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮುಂಚೆ ಯಕೃತ್ತನ್ನು ಕುಗ್ಗಿಸುವ ಸಲುವಾಗಿ ರೋಗಿಯನ್ನು ಕಟ್ಟುನಿಟ್ಟಿನ ದ್ರವಾಹಾರದಲ್ಲಿ ಇಡಲಾಗುತ್ತದೆ. ಆಗ ತೂಕ ಕೆಲವು ಕಿಲೋ ಇಳಿಯುತ್ತದೆ. ಗೆರೆಯ ಅಂಚಿನಲ್ಲಿದ್ದವರ ಬಿಎಂಐ ದಾಖಲಾತಿಯ ದಿನ 35ಕ್ಕಿಂತ ಕೆಳಗೆ ಬಂದಿರಬಹುದು. ಆದ್ದರಿಂದ ಮೊದಲ ಭೇಟಿಯ ದಿನವೇ ಎತ್ತರ, ತೂಕಗಳನ್ನು ಅಳೆಸಿ ದಿನಾಂಕ ಸಹಿತ ಬರೆಯಿಸಿಕೊಳ್ಳುವುದು ಜಾಣತನ.

ನಂತರದ ಖರ್ಚು ಮರೆಯದಿರಿ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಜೀವನಪರ್ಯಂತ ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ ಪೂರಕಗಳನ್ನು ಸೇವಿಸಬೇಕಾಗುತ್ತದೆ. ಕಾಲಕಾಲಕ್ಕೆ ರಕ್ತ ಪರೀಕ್ಷೆಯೂ ಆಗಬೇಕು. ಬಿಡುಗಡೆಯ ನಂತರ ಪಾಲಿಸಿಯಲ್ಲಿ ನಿಗದಿಯಾದ ದಿನಗಳವರೆಗೆ ಮಾತ್ರ ಇಂತಹ ವೆಚ್ಚ ಸಿಗುತ್ತದೆ. ಉಳಿದದ್ದು ರೋಗಿಯ ಪಾಲಿಗೆ. ತೂಕ ಇಳಿದ ಮೇಲೆ ಜೋತುಬೀಳುವ ಚರ್ಮವನ್ನು ತೆಗೆಸುವ ಚಿಕಿತ್ಸೆ ಸೌಂದರ್ಯ ಚಿಕಿತ್ಸೆಯೆಂದೇ ಪರಿಗಣಿತವಾಗುತ್ತದೆ. ಆರೋಗ್ಯಕ್ಕೆ ನೇರ ಮತ್ತು ತಕ್ಷಣದ ಅಪಾಯವಿದೆ ಎಂದು ವೈದ್ಯರು ದೃಢೀಕರಿಸಿದ ಸಂದರ್ಭದಲ್ಲಿ ಮಾತ್ರ ವಿನಾಯಿತಿ. ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆ ಸೋರಿಕೆ, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವಿಕೆಯಂತಹ ಅಪಾಯಗಳೂ ಇದ್ದು, ವಿಮೆ ಸಿಗುತ್ತದೆ ಎಂಬುದೊಂದೇ ನಿರ್ಧಾರಕ್ಕೆ ಕಾರಣವಾಗಬಾರದು.

ತಿರಸ್ಕಾರವಾದರೆ ಏನು ಮಾಡಬೇಕು?

ಇದು ಪೂರ್ವನಿಗದಿತ ಶಸ್ತ್ರಚಿಕಿತ್ಸೆಯಾದ್ದರಿಂದ ದಾಖಲಾಗುವ ಮುನ್ನವೇ ನಗದುರಹಿತ ಚಿಕಿತ್ಸೆಗೆ ಅನುಮತಿ ಕೋರಬಹುದು. 2024ರ ಮೇ 29ರ ಸುತ್ತೋಲೆಯಂತೆ ಇಂತಹ ಕೋರಿಕೆಯ ಬಗ್ಗೆ ಕಂಪೆನಿ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಕಂಪೆನಿಯ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವುದೇ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನನ್ವಯ ಎಂಬುದನ್ನು ತಿಳಿಸಲೇಬೇಕು. ನಗದುರಹಿತ ಅನುಮತಿ ನಿರಾಕರಣೆಯಾದ ಮಾತ್ರಕ್ಕೆ ಕ್ಲೇಮು ಮುಗಿಯಿತು ಎಂದಲ್ಲ. ಚಿಕಿತ್ಸೆ ಪಡೆದು, ಬಿಲ್ಲುಗಳನ್ನು ಸಲ್ಲಿಸಿ ಹಣ ಮರಳಿ ಕೇಳುವ ಹಕ್ಕು ಉಳಿದಿರುತ್ತದೆ.

ಮುಂದಿನ ಹಂತಗಳು ಹೀಗಿವೆ:

* ಮೊದಲು ಕಂಪೆನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ನೀಡಬೇಕು. ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿಯೂ ದೂರು ದಾಖಲಿಸಬಹುದು.

* ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ವಿಮಾ ಓಂಬುಡ್ಸ್‌ಮನ್ ಅವರಿಗೆ ಮೊರೆಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧ ಕಟ್ಟಡದಲ್ಲಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಇಲ್ಲಿ ಪರಿಗಣಿಸಲಾಗುತ್ತದೆ.

* ಓಂಬುಡ್ಸ್‌ಮನ್ ಆದೇಶವನ್ನು ಕಂಪೆನಿ 30 ದಿನಗಳಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕು.

* ಇದಲ್ಲದೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮೆಟ್ಟಿಲನ್ನೂ ಏರಬಹುದು.

ನಾಲ್ಕು ಷರತ್ತುಗಳನ್ನು ಪೂರೈಸಿದವರಿಗೆ ಈ ಹಂತಗಳಲ್ಲಿ ನ್ಯಾಯ ಕೇಳಲು ಗಟ್ಟಿ ಆಧಾರವಿದೆ. 86 ಕಿಲೋ ತೂಕದ, ಸಕ್ಕರೆ ಹತೋಟಿಗೆ ಬಾರದ ರೋಗಿಗೆ ಅಂತಹ ಆಧಾರವಿಲ್ಲ. ಅವರ ಕೈಹಿಡಿಯಬೇಕಾದರೆ ನಿಯಮದ ಗೆರೆಯೇ ಬದಲಾಗಬೇಕು, ಇಲ್ಲವೇ ವಿಮಾ ಕಂಪೆನಿಗಳು ತಾವಾಗಿಯೇ ಉದಾರವಾದ ಪಾಲಿಸಿಗಳನ್ನು ತರಬೇಕು. ಅಲ್ಲಿಯವರೆಗೆ ಪಾಲಿಸಿ ಕೊಳ್ಳುವವರು ಪ್ರೀಮಿಯಂ ಎಷ್ಟು ಎಂದು ಕೇಳುವುದರ ಜತೆಗೆ, ಆರನೆಯ ಹೊರತುಪಡಿಕೆಯಲ್ಲಿ ಏನು ಬರೆದಿದೆ ಎಂಬುದನ್ನೂ ಓದಿಕೊಳ್ಳುವುದು ಕ್ಷೇಮ.